ಯೂಟಾದ ಸ್ಲಾಟ್ ಕ್ಯಾನ್ಯನ್‌ಗಳಲ್ಲಿ ಗೈಡ್ ಜೊತೆ ಒಂದು ದಿನ: ಆಗಸ್ಟ್ ಕೊನೆಯಲ್ಲಿ ಹೋಗಬಹುದಾ?

ನೀಲಿಕೊಡೆ
ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಯ ವಾರ ನಾನು, ನಮ್ಮ ಯಜಮಾನರು, 16 ವರ್ಷದ ಮಗಳು ದಕ್ಷಿಣ ಯೂಟಾಕ್ಕೆ ಹೊರಟಿದ್ದೇವೆ. ಕನಾಬ್ ಊರಲ್ಲಿ ಎರಡು ರಾತ್ರಿ, ಆಮೇಲೆ ಜಯಾನ್ ನ್ಯಾಷನಲ್ ಪಾರ್ಕ್. ಮಗಳು ಹಟ ಹಿಡಿದಳು ಅಂತ ಒಂದು ದಿನದ ಕ್ಯಾನ್ಯನೀರಿಂಗ್ ಬುಕ್ ಮಾಡಿದ್ದೇವೆ, ಅಂದರೆ ಸ್ಲಾಟ್ ಕ್ಯಾನ್ಯನ್ ಅನ್ನುವ ಕಿರಿದಾದ, ಆಳದ ಕೊರಕಲುಗಳಲ್ಲಿ ಇಳಿದು ಸಾಗುವುದು. ಗೈಡ್ ಇರುತ್ತಾರೆ. ಒಂದೇ ದಿನದಲ್ಲಿ ಎರಡು ಕೊರಕಲು, ಐದಾರು ಕಡೆ ಹಗ್ಗ ಹಿಡಿದು ಇಳಿಯಬೇಕಂತೆ.

ಬುಕ್ ಮಾಡುವಾಗ ಖುಷಿಯಾಗಿಯೇ ಇದ್ದೆ. ನಿನ್ನೆ ಅವರು ಕಳಿಸಿದ ಒಪ್ಪಿಗೆ ಪತ್ರ ಓದಿದೆ. ನಾಲ್ಕು ಪುಟದಲ್ಲಿ ಸಾವು ಅನ್ನುವ ಪದ ಏಳು ಸಲ ಬಂದಿದೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಸಂಶಯ ಮೂರು. ಆಗಸ್ಟ್ ಸರಿಯಾದ ತಿಂಗಳಾ? ನನಗೆ ಎತ್ತರ ಕಂಡರೆ ಭಯ, ಮೂರನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಲ್ಲ, ನಾನು ಹೋಗಬಹುದಾ? ಯಜಮಾನರು ಸ್ವಲ್ಪ ದಪ್ಪ, ಸಂದಿಯಲ್ಲಿ ಸಿಕ್ಕಿಹಾಕಿಕೊಂಡರೆ ಏನು ಮಾಡುವುದು? ಹೋಗಿಬಂದವರು ಇದ್ದದ್ದು ಇದ್ದ ಹಾಗೆ ಹೇಳಿ.

ಬೆಳ್ಳಕ್ಕಿ
ಹೋಗಿ ಅಕ್ಕ, ಖಂಡಿತ ಹೋಗಿ. ನಾನು ಎರಡು ವರ್ಷದ ಹಿಂದೆ ಹೋಗಿದ್ದೆ. ಇವತ್ತಿಗೂ ಕನಸಲ್ಲಿ ಆ ಕೆಂಪು ಗೋಡೆಗಳು ಬರುತ್ತವೆ.

ಕಲ್ಲುಹಾದಿ
ಎಂಟು ವರ್ಷದಿಂದ ಈ ಕೊರಕಲುಗಳಲ್ಲಿ ಓಡಾಡುತ್ತಿದ್ದೇನೆ. ಮೊದಲ ಮೂರು ಸಲ ಗೈಡ್ ಜೊತೆ, ಆಮೇಲೆ ಗೆಳೆಯರ ಗುಂಪಲ್ಲಿ. ನಿಮ್ಮ ಮೂರು ಪ್ರಶ್ನೆಯಲ್ಲಿ ನಿಜವಾಗಿ ದೊಡ್ಡದು ಮೊದಲನೆಯದು. ಎತ್ತರಕ್ಕೂ ಇಕ್ಕಟ್ಟಿಗೂ ಉಪಾಯ ಇದೆ. ನೀರಿಗೆ ಇಲ್ಲ.

ಅಲ್ಲಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾನ್ಸೂನ್. ಮಾನ್ಸೂನ್ ಅಂದ ತಕ್ಷಣ ದಿನವಿಡೀ ಸುರಿಯುವ ಮಳೆ ಅಂದುಕೊಳ್ಳಬೇಡಿ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಮಧ್ಯಾಹ್ನ ಒಂದು ಕಡೆ ಮೋಡ ಕಟ್ಟಿ ಅರ್ಧ ಗಂಟೆ ಹೊಯ್ದು ಹೋಗುತ್ತದೆ. ಆ ಅರ್ಧ ಗಂಟೆ ಸಾಕು. ನೀವಿರುವ ಕಡೆ ಒಂದು ಹನಿ ಬೀಳದೆ ಇರಬಹುದು, ಎಷ್ಟೋ ಮೈಲಿ ಮೇಲೆ ಬಿದ್ದ ಮಳೆ ನಿಮ್ಮ ಕೊರಕಲಿಗೇ ಬರುತ್ತದೆ. ಒಳಗಿನಿಂದ ನಿಮಗೆ ಕಾಣುವುದು ತಲೆ ಮೇಲೆ ಒಂದು ರಿಬ್ಬನ್‌ನಷ್ಟು ಆಕಾಶ. ಮೋಡ ಎಲ್ಲಿ ಕಟ್ಟಿದೆ ಅಂತ ಗೊತ್ತೇ ಆಗಲ್ಲ.

ಆಗಸ್ಟ್‌ನಲ್ಲಿ ಹೋಗಲೇಬಾರದು ಅಂತ ಹೇಳಲ್ಲ. ಬೆಳಗ್ಗೆ ಬೇಗ ಒಳಗೆ ಹೋಗಿ ಮಧ್ಯಾಹ್ನದೊಳಗೆ ಹೊರಗೆ ಬರುವ ಹಾಗಿರಬೇಕು. ಕಂಪನಿಗೆ ಇವತ್ತೇ ಫೋನ್ ಮಾಡಿ ಇಷ್ಟು ಕೇಳಿ: ಎಷ್ಟು ಹೊತ್ತಿಗೆ ಶುರು? ಮಳೆ ಸೂಚನೆ ಇದ್ದರೆ ಬೇರೆ ಯಾವ ಜಾಗಕ್ಕೆ ಕರೆದುಕೊಂಡು ಹೋಗುತ್ತೀರಿ? ಪೂರ್ತಿ ರದ್ದಾದರೆ ದುಡ್ಡು ವಾಪಸ್ ಕೊಡುತ್ತೀರಾ? ಕೊರಕಲಿನ ಮಧ್ಯೆ ಮೇಲೆ ಹತ್ತಿ ಪಾರಾಗುವ ಜಾಗ ಎಷ್ಟಿದೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಂಪನಿ ನೋಡಿ.

ಕೊರಕಲಿನ ದರ್ಜೆಯನ್ನೂ ಕೇಳಿ. 3ಎ, 3ಬಿ ಅಂತ ಏನೋ ಹೇಳುತ್ತಾರೆ. 3 ಅಂದರೆ ಹಗ್ಗ ಬೇಕೇ ಬೇಕು. ಎ ಅಂದರೆ ಒಣ ಅಥವಾ ತುಂಬಾ ಕಡಿಮೆ ನೀರು. ಬಿ ಅಂದರೆ ನಿಂತ ನೀರು, ಎದೆಮಟ್ಟ ನಡೆಯಬೇಕು, ಈಜಲೂಬೇಕಾಗಬಹುದು. ಸಿ ಅಂದರೆ ಹರಿಯುವ ನೀರು, ಮೊದಲ ಸಲದವರಿಗೆ ಅದು ಬೇಡ. ಪಕ್ಕದಲ್ಲಿ ಒಂದು ರೋಮನ್ ಅಂಕಿ ಇರುತ್ತದೆ, ಅದು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದಕ್ಕೆ.

ರಾಟೆ
ನನಗೆ ಅರ್ಥವಾಗದ್ದು ಒಂದೇ. ಮೂರು ಜನಕ್ಕೆ ಗೈಡ್ ಅಂತ ಅಷ್ಟೊಂದು ಡಾಲರ್ ಯಾಕೆ ಕೊಡಬೇಕು? ಸೊಂಟಕ್ಕೂ ತೊಡೆಗೂ ಕಟ್ಟುವ ಹಾರ್ನೆಸ್, ಹೆಲ್ಮೆಟ್ ಬಾಡಿಗೆಗೆ ಸಿಗುತ್ತವೆ. ಇಳಿಯುವುದನ್ನು ಒಂದು ವಾರಾಂತ್ಯದಲ್ಲಿ ಕಲಿಯಬಹುದು. ದಾರಿಯ ವಿವರ ಎಲ್ಲಾ ನೆಟ್‌ನಲ್ಲಿದೆ. ನಾವು ನಾಲ್ಕು ಜನ ಹಾಗೇ ಹೋಗಿ ಬಂದೆವು, ಏನೂ ಆಗಲಿಲ್ಲ.

ಕಲ್ಲುಹಾದಿ
@ರಾಟೆ ಏನೂ ಆಗಲಿಲ್ಲ ಅನ್ನುವುದು ಆ ದಿನದ ಮಾತು.

2015ರ ಸೆಪ್ಟೆಂಬರ್ 14. ಜಯಾನ್‌ನ ಕೀಹೋಲ್ ಕ್ಯಾನ್ಯನ್. ಚಿಕ್ಕದು, ಹೊಸಬರು ಹೋಗುವ ಜಾಗ ಅಂತಲೇ ಹೆಸರು. ಏಳು ಜನ ಒಳಗೆ ಹೋದರು, ಏಳೂ ಜನ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡರು. ಅನುಮತಿ ಪತ್ರ ಅವರ ಹತ್ತಿರ ಇತ್ತು. ಅನುಮತಿ ಅಂದರೆ ಒಳಗೆ ಹೋಗಬಹುದು ಅಂತ ಅಷ್ಟೇ, ಇವತ್ತು ಹೋಗಬೇಕೋ ಬೇಡವೋ ಅನ್ನುವ ತೀರ್ಮಾನ ನಿಮ್ಮದೇ. ಅದೇ ದಿನ ಆ ಸೀಮೆಯ ಹಿಲ್ಡೇಲ್ ಊರಲ್ಲೂ ಪ್ರವಾಹ ವಾಹನಗಳನ್ನು ಕೊಚ್ಚಿಕೊಂಡು ಹೋಯಿತು, ಅಲ್ಲಿ ತೀರಿಕೊಂಡವರೆಲ್ಲ ಹೆಂಗಸರು ಮಕ್ಕಳೇ.

ಹಗ್ಗ ಒಂದು ವಾರಾಂತ್ಯದಲ್ಲಿ ಬರುತ್ತದೆ, ಒಪ್ಪುತ್ತೇನೆ. ಆಕಾಶ ನೋಡಿ "ಇವತ್ತು ಬೇಡ" ಅನ್ನುವುದು ಬರಲು ವರ್ಷಗಳು ಬೇಕು.

ರಾಟೆ
ಹಾಗಾದರೆ ಗೈಡ್ ಇದ್ದರೆ ಪ್ರವಾಹ ಬರಲ್ವಾ? 1997ರಲ್ಲಿ ಪಕ್ಕದ ಅರಿಝೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಏನಾಯಿತು ಅಂತ ನಿಮಗೂ ಗೊತ್ತಲ್ಲ. ಆಗಸ್ಟ್ 12, 11 ಪ್ರವಾಸಿಗರು ಸತ್ತರು. ಗೈಡ್ ಜೊತೆಗೇ ಇದ್ದರು. ಉಳಿದದ್ದು ಅವರೊಬ್ಬರೇ. ಗೈಡ್ ಇದ್ದಾರೆ ಅಂತ ಕಣ್ಣು ಮುಚ್ಚಿ ನಂಬುವುದು ಅದಕ್ಕಿಂತ ಅಪಾಯ.

ಹೆಜ್ಜೆಗುರುತು
ಇದು ಸರಿಯಾದ ಮಾತು. ಆವತ್ತು ಆ ಜಾಗದಲ್ಲಿ ಹೇಳಿಕೊಳ್ಳುವಂಥ ಮಳೆ ಇರಲಿಲ್ಲ, ನೀರು ಬಂದದ್ದು ಮೈಲಿಗಟ್ಟಲೆ ದೂರದಿಂದ. ಆಮೇಲೆ ಅಲ್ಲಿ ಬಂಡೆಗೆ ಬಿಗಿದ ಕಬ್ಬಿಣದ ಮೆಟ್ಟಿಲು ಬಂದವು. ಆದರೆ ರಾಟೆ, ಇದರಿಂದ ನಿಮ್ಮ ವಾದ ಗಟ್ಟಿಯಾಗಲ್ಲ. ಗೈಡ್ ಇದ್ದೂ ಹಾಗಾಯಿತು ಅಂದರೆ ಗೈಡ್ ಇಲ್ಲದೆ ಹೋಗಬಹುದು ಅಂತ ಅಲ್ಲ. ಹೇಗೆ ಹೋದರೂ ಮೋಡದ ಲೆಕ್ಕ ಮೊದಲು ಅಂತ.

ರಾಟೆ
ಸರಿ, ಅಷ್ಟರ ಮಟ್ಟಿಗೆ ಒಪ್ಪಿದೆ.

ನೀಲಿಕೊಡೆ
ಅಯ್ಯೋ, ಇದನ್ನೆಲ್ಲ ಓದಿ ನಿನ್ನೆಗಿಂತ ಭಯ ಜಾಸ್ತಿಯಾಯಿತು. ಆದರೆ ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್. ಕಂಪನಿಗೆ ಫೋನ್ ಮಾಡಿದೆ. ಬೆಳಗ್ಗೆ 6ಕ್ಕೆ ಶುರುವಂತೆ. ಮೊದಲನೆಯ ಕೊರಕಲು 3ಎ, ಎರಡನೆಯದು 3ಬಿ. ಅವರು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಪಾರಾಗುವ ಜಾಗ ಕೇಳಿದ ತಕ್ಷಣ ಫೋನ್ ತೆಗೆದುಕೊಂಡ ಹುಡುಗಿ "ಮೊದಲನೆಯದರಲ್ಲಿ ಎರಡು ಕಡೆ, ಎರಡನೆಯದರಲ್ಲಿ ಒಂದೇ ಕಡೆ, ಅದಕ್ಕೇ ಅದನ್ನು ಎರಡನೆಯದಾಗಿ ಇಟ್ಟುಕೊಂಡಿದ್ದೇವೆ, ಆ ದಿನ ನೋಡಿ ತೀರ್ಮಾನ" ಅಂದಳು. ಒಂಚೂರೂ ತಡವರಿಸಲಿಲ್ಲ.

ಕಲ್ಲುಹಾದಿ
ಒಳ್ಳೆಯ ಉತ್ತರ. ನೆಮ್ಮದಿಯಾಗಿರಿ.

ಬೆಳ್ಳಕ್ಕಿ
ಜಯಾನ್ ಒಳಗೇ ಗೈಡ್ ತೆಗೆದುಕೊಂಡು ಸಬ್‌ವೇ ಅನ್ನುವ ಕೊರಕಲು ನೋಡಬಹುದಲ್ಲ? ಫೋಟೋಗಳಲ್ಲಿ ಅದ್ಭುತವಾಗಿದೆ.

ಹೆಜ್ಜೆಗುರುತು
ಆಗಲ್ಲ. ಜಯಾನ್ ಪಾರ್ಕಿನ ಒಳಗೆ ಕಂಪನಿಗಳು ಕ್ಯಾನ್ಯನೀರಿಂಗ್‌ಗೆ ಜನರನ್ನು ಕರೆದೊಯ್ಯುವ ಹಾಗಿಲ್ಲ. ಸಬ್‌ವೇ, ಕೀಹೋಲ್, ಮಿಸ್ಟರಿ ಇವೆಲ್ಲ ನಿಮ್ಮದೇ ಅನುಮತಿ ತೆಗೆದುಕೊಂಡು ನೀವೇ ಹೋಗಬೇಕಾದವು. ಸ್ಪ್ರಿಂಗ್‌ಡೇಲ್, ಕನಾಬ್‌ನ ಗೈಡ್‌ಗಳು ಕರೆದೊಯ್ಯುವುದು ಪಾರ್ಕಿನ ಹೊರಗಿನ ಜಾಗಗಳಿಗೆ. ಅವೇನೂ ಕಡಿಮೆ ಅಲ್ಲ. ಕಲ್ಲು ಅದೇ, ಜನ ಕಡಿಮೆ.

ಭೂಗರ್ಭ
ಕಲ್ಲಿನ ಮಾತು ಬಂತಲ್ಲ, ಸುಮ್ನೆ ಇರಲು ಆಗಲಿಲ್ಲ.

ಆ ಭಾಗದಲ್ಲಿ ನೀವು ಇಳಿಯುವ ಕೊರಕಲುಗಳಲ್ಲಿ ಹೆಚ್ಚಿನವು ನವಾಹೋ ಮರಳುಗಲ್ಲಿನವು. ಸುಮಾರು 18-19 ಕೋಟಿ ವರ್ಷದ ಹಿಂದೆ ಅಲ್ಲಿ ದೊಡ್ಡ ಮರಳುಗಾಡು ಇತ್ತು. ಗಾಳಿ ಒಟ್ಟಿದ ಮರಳುದಿಬ್ಬಗಳೇ ಹೂತು ಗಟ್ಟಿಯಾಗಿ ಕಲ್ಲಾದವು. ಗೋಡೆಯಲ್ಲಿ ಓರೆಯಾಗಿ ಸಾಗುವ ಗೀಟುಗಳು ಕಾಣುತ್ತವಲ್ಲ, ಅವು ಆ ದಿಬ್ಬಗಳ ಇಳಿಜಾರು. ಕೈಯಿಟ್ಟು ನೋಡಿ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ಇವತ್ತೂ ಓದಬಹುದು.

ಆಮೇಲೆ ಆ ಕಲ್ಲಿನಲ್ಲಿ ಉದ್ದುದ್ದ ಬಿರುಕು ಬಿಟ್ಟವು. ಮಳೆನೀರು ಬಿರುಕು ಹುಡುಕಿತು. ಬರೀ ನೀರಾದರೆ ಇಷ್ಟು ಕೊರೆಯುವುದಿಲ್ಲ. ನೀರು ಹೊತ್ತು ತರುವ ಮರಳು, ಕಲ್ಲು ಉಜ್ಜುಕಾಗದದ ಹಾಗೆ ಕೆಲಸ ಮಾಡುತ್ತವೆ. ಒಂದೊಂದು ಪ್ರವಾಹವೂ ಒಂದಿಷ್ಟು ಉಜ್ಜಿಹೋಗುತ್ತದೆ. ಒಣ ಸೀಮೆಯಲ್ಲೇ ಇವು ಇಷ್ಟು ಕಿರಿದಾಗಿ ಉಳಿಯಲು ಕಾರಣವೂ ಇದೆ. ಮಳೆ ಜಾಸ್ತಿ ಇರುವ ಕಡೆ ಗೋಡೆಗಳು ಮೇಲಿನಿಂದ ಸವೆದು ಕುಸಿದು ಅಗಲವಾಗಿಬಿಡುತ್ತವೆ. ಇಲ್ಲಿ ಕೆಳಗೆ ಕೊರೆತ ಜೋರು, ಮೇಲೆ ಸವೆತ ನಿಧಾನ.

ಬರಿ ಬಂಡೆ, ಮಣ್ಣು ಇಲ್ಲ, ಗಿಡ ಇಲ್ಲ. ಹೀಗಾಗಿ ಬಿದ್ದ ನೀರನ್ನು ಹಿಡಿದಿಡುವವರೇ ಇಲ್ಲ. ಹೆಂಚಿನ ಮೇಲೆ ಸುರಿದ ಹಾಗೆ ಎಲ್ಲವೂ ಒಮ್ಮೆಗೇ ಜಾರಿ ಒಂದು ಸೀಳಿಗೆ ಸೇರುತ್ತದೆ. ಕಲ್ಲುಹಾದಿಯವರು ಹೇಳಿದ ಅರ್ಧ ಗಂಟೆ ಮಳೆಯ ಕಥೆ ಇದೇ.

ಒಳಗೆ ಹೋದಾಗ ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ತಲೆಗಿಂತ 20-30 ಅಡಿ ಮೇಲೆ ಎರಡು ಗೋಡೆಗಳ ನಡುವೆ ಮರದ ದಿಮ್ಮಿ ಅಡ್ಡಲಾಗಿ ಸಿಕ್ಕಿಕೊಂಡಿರುತ್ತದೆ. ತೊಗಟೆ ಪೂರ್ತಿ ಕಿತ್ತುಹೋಗಿ ಮೂಳೆಯ ಹಾಗೆ ಬೆಳ್ಳಗೆ. ಅದನ್ನು ಯಾರೂ ಅಲ್ಲಿಗೆ ಹೊತ್ತುಕೊಂಡು ಹೋಗಿ ಇಟ್ಟಿಲ್ಲ.

ಮೂಡಲಗಾಳಿ
ಆ ದಿಮ್ಮಿ ನೋಡಿದ ದಿನ ನನಗೂ ಅಷ್ಟೇ, ಮಾತೇ ಹೊರಡಲಿಲ್ಲ.

ಸಂಜೆಮಲ್ಲಿಗೆ
ನೀಲಿಕೊಡೆ, ನಾನು 57ನೇ ವಯಸ್ಸಲ್ಲಿ ಹೋಗಿದ್ದೆ. ಹಗ್ಗದ ಬಗ್ಗೆ ಎಲ್ಲರೂ ಹೇಳುತ್ತಾರೆ. ಚಳಿಯ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ನನಗೆ ಯಾರೂ ಹೇಳಲಿಲ್ಲ.

ಹೊರಗೆ 38 ಡಿಗ್ರಿ ಬಿಸಿಲು. ಗೈಡ್ ವೆಟ್‌ಸೂಟ್ ಕೊಟ್ಟರು. ಈ ಸೆಖೆಯಲ್ಲಿ ರಬ್ಬರ್ ಬಟ್ಟೆ ಯಾರು ಹಾಕಿಕೊಳ್ಳುತ್ತಾರೆ ಅಂತ ಬೇಡ ಅಂದೆ. ಅವರು ಎರಡು ಸಲ ಹೇಳಿದರು, ನಾನು ಎರಡು ಸಲವೂ ಕೇಳಲಿಲ್ಲ. ಒಳಗಿನ ನೀರಿಗೆ ಬಿಸಿಲು ಮುಟ್ಟುವುದೇ ಇಲ್ಲ. ಮೊದಲ ಗುಂಡಿಯಲ್ಲಿ ಸೊಂಟದವರೆಗೆ, ಎರಡನೆಯದರಲ್ಲಿ ಕುತ್ತಿಗೆವರೆಗೆ. ಉಸಿರು ಒಮ್ಮೆ ನಿಂತೇ ಹೋಯಿತು. ಮೂರನೆಯ ಗುಂಡಿ ದಾಟುವಾಗ ಹಲ್ಲು ಕಟಕಟ. ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಕ್ಯಾರಬಿನರ್ ಅನ್ನುತ್ತಾರಲ್ಲ, ಅದರ ತಿರುಪು ತಿರುಗಿಸಲು ಹೋದರೆ ಬೆರಳು ನನ್ನ ಮಾತು ಕೇಳಲಿಲ್ಲ. ಕಣ್ಣಿಗೆ ಬೆರಳು ಕಾಣುತ್ತಿದೆ, ಆದರೆ ಅದು ಯಾರದೋ ಬೆರಳು.

ಗೈಡ್ ಹುಡುಗ ಅದನ್ನು ಗಮನಿಸಿ ಎಲ್ಲರನ್ನೂ ನಿಲ್ಲಿಸಿದ. ಒಂದು ತಿರುವಿನಲ್ಲಿ ಚಾಪೆಯಷ್ಟು ಜಾಗಕ್ಕೆ ಬಿಸಿಲು ಬಿದ್ದಿತ್ತು. ಅಲ್ಲಿ ಕೂರಿಸಿ, ತನ್ನ ಚೀಲದಿಂದ ಒಣ ಜಾಕೆಟ್ ತೆಗೆದು ಹೊದಿಸಿ, ಫ್ಲಾಸ್ಕ್‌ನಿಂದ ಬಿಸಿ ಸಿಹಿನೀರು ಕುಡಿಸಿದ. 20 ನಿಮಿಷ ಯಾರೂ ಹೊರಡಲಿಲ್ಲ. ಒಂದು ಮಾತು ಬೈಯಲಿಲ್ಲ.

3ಬಿ ಅಂದರಲ್ಲ, ವೆಟ್‌ಸೂಟ್ ಕೊಟ್ಟರೆ ಎರಡು ಮಾತಿಲ್ಲದೆ ಹಾಕಿಕೊಳ್ಳಿ. ಹತ್ತಿ ಬಟ್ಟೆ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಒದ್ದೆಯಾದರೆ ಒಣಗಲ್ಲ, ಭಾರ ಬೇರೆ.

ನೀಲಿಕೊಡೆ
ಸಂಜೆಮಲ್ಲಿಗೆ ಅಕ್ಕ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಮಗಳು ಜೀನ್ಸ್ ಎತ್ತಿಟ್ಟಿದ್ದಳು, ಈಗಲೇ ವಾಪಸ್ ಇಡಿಸಿದೆ.

ಅಂಕುಡೊಂಕು
ಯಜಮಾನರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನ್ನ ತೂಕ 104 ಕಿಲೋ. ಫಾರಂನಲ್ಲಿ ತೂಕ, ಎತ್ತರ ಸರಿಯಾಗಿ ಬರೆಯಲಿ, ನಾಚಿಕೆಯಿಂದ ಕಡಿಮೆ ಬರೆಯುವುದು ಬೇಡ. ಅದನ್ನು ನೋಡಿಯೇ ಅವರು ಕೊರಕಲು ಆರಿಸುವುದು. ನಮ್ಮ ಗೈಡ್ ನನ್ನನ್ನು ಒಂದು ಸಲ ನೋಡಿ, ಇವತ್ತು ಬೇರೆ ಕಡೆ ಹೋಗೋಣ ಅಂದರು. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಎಸ್ಕಲಾಂಟೆ ಕಡೆ ಸ್ಪೂಕಿ ಅಂತ ಒಂದು ಕೊರಕಲಿದೆ, ತೀರಾ ಕಿರಿದಾದ ಕಡೆ ಸುಮಾರು 10 ಇಂಚು. ಅಲ್ಲಿ ನನ್ನ ಎದೆ ಹೋಗುವುದಿಲ್ಲ, ಅಷ್ಟೇ.

ಇಕ್ಕಟ್ಟಿನಲ್ಲಿ ಮಾಡಬೇಕಾದ್ದು ಇದು. ಚೀಲ ಬೆನ್ನಿಂದ ಇಳಿಸಿ ಕೈಯಲ್ಲಿ ಹಿಡಿಯಬೇಕು. ಮುಖ ಮೊದಲೇ ಯಾವ ಕಡೆ ಅಂತ ತಿರುಗಿಸಿಕೊಳ್ಳಬೇಕು, ಒಳಗೆ ಹೋದ ಮೇಲೆ ಹೆಲ್ಮೆಟ್ ತಿರುಗಲ್ಲ. ಉಸಿರು ಪೂರ್ತಿ ಬಿಟ್ಟು ಒಂದು ಹೆಜ್ಜೆ. ನಿಂತು ಉಸಿರು ತೆಗೆದುಕೊಂಡು, ಮತ್ತೆ ಬಿಟ್ಟು ಇನ್ನೊಂದು ಹೆಜ್ಜೆ. ಕೆಳಗೆ ಸಿಕ್ಕಿಕೊಂಡ ಹಾಗೆ ಅನ್ನಿಸಿದರೆ ಸ್ವಲ್ಪ ಮೇಲಕ್ಕೆ ಹತ್ತಿ. ಎಷ್ಟೋ ಕಡೆ ಮೇಲೆ ಅಗಲವಿರುತ್ತದೆ. ಬೆನ್ನು ಒಂದು ಗೋಡೆಗೆ, ಪಾದ ಎದುರಿನ ಗೋಡೆಗೆ ಒತ್ತಿ ಅಡ್ಡಡ್ಡಲಾಗಿ ಸಾಗಬೇಕು. ತೊಡೆ ಉರಿಯುತ್ತದೆ, ಮಾರನೇ ದಿನ ಮೆಟ್ಟಿಲು ಇಳಿಯಲು ಆಗಲ್ಲ.

ಬೆಳ್ಳಕ್ಕಿ
ಬಂಡೆಗೆ ಕೈ ಸಿಕ್ಕಿ ತಾನೇ ಕೈ ಕತ್ತರಿಸಿಕೊಂಡವರ ಕಥೆ ಇದೇ ಕಡೆಯದಲ್ವಾ?

ಹೆಜ್ಜೆಗುರುತು
ಹೌದು, ಯೂಟಾದಲ್ಲೇ, ಬ್ಲೂಜಾನ್ ಕ್ಯಾನ್ಯನ್, 2003ರ ಏಪ್ರಿಲ್. ಆರನ್ ರಾಲ್‌ಸ್ಟನ್. ಆದರೆ ಅವರು ಒಬ್ಬರೇ ಹೋಗಿದ್ದರು, ಎಲ್ಲಿಗೆ ಅಂತ ಯಾರಿಗೂ ಹೇಳಿರಲಿಲ್ಲ. ಗೋಡೆಗಳ ನಡುವೆ ಸಿಕ್ಕಿಕೊಂಡಿದ್ದ ಬಂಡೆ ಜಾರಿ ಬಲಗೈ ಹಿಡಿಯಿತು, ಐದು ದಿನ ಯಾರೂ ಬರಲಿಲ್ಲ. ಗೈಡ್ ಇರುವ ದಿನಕ್ಕೆ ಅದನ್ನು ಹೋಲಿಸಿ ನೀಲಿಕೊಡೆಯವರನ್ನು ಹೆದರಿಸಬೇಡಿ ಮಾರಾಯ್ರೆ. ಒಂದು ಮಾತ್ರ ಕಲಿಯಬಹುದು. ಸಿಕ್ಕಿಕೊಂಡ ಬಂಡೆಯ ಮೇಲೆ ಪೂರ್ತಿ ಭಾರ ಹಾಕುವ ಮುಂಚೆ ಒತ್ತಿ ನೋಡಿ, ಗೈಡ್ ಕಾಲಿಟ್ಟ ಕಡೆಯೇ ಕಾಲಿಡಿ.

ಮೂಡಲಗಾಳಿ
ಎತ್ತರದ ಭಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ನನಗೂ ಅದೇ ಭಯ, ಇವತ್ತಿಗೂ ಇದೆ.

ಕಷ್ಟ ಇರುವುದು ಮೊದಲ ಹೆಜ್ಜೆಯಲ್ಲಿ ಮಾತ್ರ. ಅಂಚಿಗೆ ಬೆನ್ನು ಮಾಡಿ ನಿಂತು ಹಿಂದಕ್ಕೆ ವಾಲಬೇಕು. ಮನಸ್ಸು ಮುಂದಕ್ಕೆ ಬಾಗು, ಬಂಡೆ ತಬ್ಬಿಕೋ ಅನ್ನುತ್ತದೆ. ಬಾಗಿದರೆ ಕಾಲು ಜಾರುತ್ತದೆ, ಮೊಣಕಾಲು ತರಚುತ್ತದೆ. ಕುರ್ಚಿಯಲ್ಲಿ ಕೂತ ಹಾಗೆ ಹಾರ್ನೆಸ್‌ನಲ್ಲಿ ಕೂತು, ಕಾಲು ಅಗಲಿಸಿ, ಪಾದ ಪೂರ್ತಿ ಗೋಡೆಗೆ ಒತ್ತಬೇಕು. ಬಲಗೈಯಲ್ಲಿರುವ ಹಗ್ಗ ಸೊಂಟದ ಹತ್ತಿರ. ಆ ಕೈ ಯಾವ ಕಾರಣಕ್ಕೂ ಬಿಡಬಾರದು. ಎಡಗೈ ಎಲ್ಲಿದ್ದರೂ ನಡೆಯುತ್ತದೆ.

ಬಿಟ್ಟುಬಿಟ್ಟರೆ? ನಾನೂ ಕೇಳಿದ್ದೆ. ಕೆಳಗೆ ಮೊದಲು ಇಳಿದವರೊಬ್ಬರು ಹಗ್ಗದ ತುದಿ ಹಿಡಿದು ನಿಂತಿರುತ್ತಾರೆ. ಅವರು ಜೋರಾಗಿ ಎಳೆದರೆ ಹಗ್ಗ ಬಿಗಿಯಾಗಿ ನೀವು ಅಲ್ಲೇ ನಿಲ್ಲುತ್ತೀರಿ. ಹೊಸಬರಿಗೆ ಮೇಲಿನಿಂದಲೂ ಇನ್ನೊಂದು ಹಗ್ಗ ಕಟ್ಟಿ ಎಂದು ಕೇಳಬಹುದು. ಕೇಳಿ, ಸಂಕೋಚ ಬೇಡ.

ಇನ್ನೊಂದು ಮಾತು. ಮೊದಲ ಹಗ್ಗ ಇಳಿದು ಗೈಡ್ ಅದನ್ನು ಕೆಳಗೆ ಎಳೆದುಕೊಂಡ ಮೇಲೆ ವಾಪಸ್ ಹೋಗುವ ದಾರಿ ಇಲ್ಲ. ಮುಂದೆಯೇ ಹೋಗಬೇಕು. ಬೇಡ ಅನ್ನುವುದಿದ್ದರೆ ಅದಕ್ಕೆ ಮುಂಚೆ ಹೇಳಿ. ಹೇಳಿದರೆ ಯಾವ ಒಳ್ಳೆಯ ಗೈಡೂ ಬಲವಂತ ಮಾಡಲ್ಲ.

ಭೂಗರ್ಭ
ಹಗ್ಗ ಎಳೆಯುವ ಮಾತು ಬಂದಿದ್ದಕ್ಕೆ ಒಂದು ಬೇಡಿಕೆ. ಮರಳುಗಲ್ಲು ತುಂಬಾ ಮೆತ್ತಗೆ. ಅಂಚಿನ ಮೇಲೆ ಹಗ್ಗ ಎಳೆದು ಎಳೆದು ಬೆರಳಷ್ಟು ಆಳದ ಗೆರೆಗಳು ಬಿದ್ದಿವೆ. ಬಾವಿಕಟ್ಟೆಯ ಕಲ್ಲಲ್ಲಿ ಹಗ್ಗದ ಗುರುತು ಇರುತ್ತದಲ್ಲ, ಹಾಗೇ. ಒಳ್ಳೆಯ ಗೈಡ್‌ಗಳು ಹಗ್ಗವನ್ನು ಬಂಡೆಗೆ ಬಿಗಿಯುವ ಆಂಕರ್‌ನ ಪಟ್ಟಿಯನ್ನು ಅಂಚು ದಾಟುವಷ್ಟು ಉದ್ದ ಬಿಡುತ್ತಾರೆ, ಆಗ ಹಗ್ಗ ಕಲ್ಲಿಗೆ ಉಜ್ಜುವುದು ಕಡಿಮೆ. ಅದನ್ನು ನೋಡಿದರೆ ಅವರಿಗೆ ಒಂದು ಮಾತು ಹೇಳಿ, ಖುಷಿಪಡುತ್ತಾರೆ. ಮಳೆ ಬಂದು ಒದ್ದೆಯಾದ ಮರಳುಗಲ್ಲು ಇನ್ನೂ ದುರ್ಬಲ, ಹಿಡಿದ ಚೂರೇ ಕಿತ್ತು ಬರಬಹುದು.

ಕೊರಕಲಿಗೆ ನಡೆದು ಹೋಗುವಾಗ ನೆಲದಲ್ಲಿ ಕಪ್ಪಗೆ ಉಬ್ಬುಬ್ಬಾಗಿ ಹೆಪ್ಪುಗಟ್ಟಿದ ಮಣ್ಣು ಕಾಣುತ್ತದೆ. ಅದು ಜೀವ ಇರುವ ಮಣ್ಣು. ಅದೇ ಮರಳನ್ನು ಹಿಡಿದಿಟ್ಟಿರುವುದು. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಕಟ್ಟಿಕೊಳ್ಳಲು ವರ್ಷಗಟ್ಟಲೆ ಬೇಕು. ಬಂಡೆ ಮೇಲೋ ಮರಳ ಹಾದಿಯಲ್ಲೋ ನಡೆಯಿರಿ.

ಬೆಳ್ಳಕ್ಕಿ
ಹಾಂ, ಕೇಳಲು ಮುಜುಗರ, ಆದರೆ ಕೇಳುತ್ತೇನೆ. ಅಷ್ಟು ಹೊತ್ತು ಒಳಗೆ ಇದ್ದರೆ ಬಾತ್‌ರೂಮ್?

ಸಂಜೆಮಲ್ಲಿಗೆ
ಮುಜುಗರ ಯಾಕೆ, ಎಲ್ಲರಿಗೂ ಬೇಕಾದ್ದೇ. ಬೆಳಗ್ಗೆ ಊರಲ್ಲೇ ಮುಗಿಸಿಕೊಂಡು ಹೋಗಿ. ಗೈಡ್ ಹತ್ತಿರ ವ್ಯಾಗ್ ಬ್ಯಾಗ್ ಅಂತ ಒಂದು ಚೀಲ ಇರುತ್ತದೆ, ಒಳಗೆ ಪುಡಿ. ಅದರಲ್ಲೇ ಮುಗಿಸಿ ಕಟ್ಟಿಕೊಂಡು ಹೊರಗೆ ತರಬೇಕು. ಅಲ್ಲಿ ಹೂಳಲು ಮಣ್ಣೂ ಇಲ್ಲ, ಕೊಳೆಯಿಸಲು ತೇವವೂ ಇಲ್ಲ. ವೆಟ್‌ಸೂಟ್ ಹಾಕುವ ಮುಂಚೆ ಮುಗಿಸಿ, ಆಮೇಲೆ ಬಿಚ್ಚುವುದು ದೊಡ್ಡ ಕೆಲಸ.

ಅಂಕುಡೊಂಕು
ಸಮಯದ ಬಗ್ಗೆ ಒಂದು ಎಚ್ಚರಿಕೆ. ಮಾರನೇ ದಿನ ಆಂಟಿಲೋಪ್ ನೋಡಲು ಅರಿಝೋನಾದ ಪೇಜ್ ಊರಿಗೆ ಹೋಗುವ ಯೋಚನೆ ಇದ್ದರೆ ಗಡಿಯಾರ ನೋಡಿಕೊಳ್ಳಿ. ಬೇಸಿಗೆಯಲ್ಲಿ ಯೂಟಾದಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಅರಿಝೋನಾ ಬದಲಾಯಿಸಲ್ಲ. ಅರಿಝೋನಾದೊಳಗಿನ ನವಾಹೋ ನೇಷನ್, ಅಂದರೆ ನವಾಹೋ ಮೂಲನಿವಾಸಿಗಳ ಸೀಮೆ, ಬದಲಾಯಿಸುತ್ತದೆ. ಫೋನು ಯಾವ ಟವರ್ ಹಿಡಿಯುತ್ತದೋ ಆ ಗಂಟೆ ತೋರಿಸುತ್ತದೆ. ನಾವು ಸರಿಯಾಗಿ ಒಂದು ಗಂಟೆ ಬೇಗ ಹೋಗಿ ಬಿಸಿಲಲ್ಲಿ ಕಾದೆವು.

ಹೆಜ್ಜೆಗುರುತು
ಆಂಟಿಲೋಪ್ ನವಾಹೋ ಜನರ ನೆಲದಲ್ಲೇ ಇದ್ದರೂ ಅಲ್ಲಿನ ಟೂರ್‌ಗಳು ಅರಿಝೋನಾ ಸಮಯವನ್ನೇ ಹಿಡಿಯುತ್ತವೆ. ಅಲ್ಲಿ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಆದರೆ ಅದು ಹಗ್ಗದ ಜಾಗ ಅಲ್ಲ, ನಡೆದು ನೋಡುವುದು.

ರಾಟೆ
ಗೈಡ್‌ಗೆ ಟಿಪ್ಸ್ ಬೇರೆ ಕೊಡಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 15ರಿಂದ 20 ಶೇಕಡ ಅಲ್ಲಿನ ವಾಡಿಕೆ.

ಸಂಜೆಮಲ್ಲಿಗೆ
ನನ್ನ ಬೆರಳು ಮರಗಟ್ಟಿದಾಗ ಬಿಸಿನೀರು ಕುಡಿಸಿದ ಹುಡುಗನಿಗೆ ಎಷ್ಟು ಕೊಟ್ಟರೂ ಕಡಿಮೆಯೇ.

ನೀಲಿಕೊಡೆ
ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಪೂರ್ತಿ ಮಗಳಿಗೂ ಯಜಮಾನರಿಗೂ ಓದಿ ಹೇಳಿದೆ. ತೂಕ ಸರಿಯಾಗಿ ಬರೆಸಿದ್ದೇನೆ. ಹೋಗಿಬಂದು ಬರೆಯುತ್ತೇನೆ.

*(ಮೂರು ವಾರದ ನಂತರ)*

ನೀಲಿಕೊಡೆ
ಹೋಗಿಬಂದೆವು! ತಡವಾಯಿತು, ಕ್ಷಮಿಸಿ.

ಬೆಳಗ್ಗೆ 6ಕ್ಕೆ ಆಫೀಸಿನ ಮುಂದೆ ಸೇರಿದೆವು. ಗೈಡ್ 50ರ ಆಸುಪಾಸಿನ ಹೆಂಗಸು. ಬಿಸಿಲಿಗೆ ಒಣಗಿದ ಮುಖ, ಬೆರಳುಗಳೆಲ್ಲ ಹಗ್ಗದ ಹಾಗೆ ಗಂಟುಗಂಟು. ಮೊದಲು ಟ್ಯಾಬ್ಲೆಟ್‌ನಲ್ಲಿ ಹವಾಮಾನ ತೋರಿಸಿದರು. ಪಾರ್ಕುಗಳಿಗೆ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಹಂತದಲ್ಲಿ ಹೇಳುತ್ತಾರಂತೆ. ಆವತ್ತು ಕೆಳಗಿನಿಂದ ಎರಡನೆಯದು, ಅಂದರೆ ಬರಬಹುದು. "ಮೊದಲನೆಯದು ಮಾಡೋಣ. ಎರಡನೆಯದರ ಬಗ್ಗೆ 11 ಗಂಟೆಗೆ ಮಾತಾಡೋಣ. ನಾನು ಬೇಡ ಅಂದರೆ ಬೇಡ, ಸರಿಯಾ?" ಅಂತ ಒಬ್ಬೊಬ್ಬರನ್ನೇ ಕೇಳಿ ಹೂಂ ಅನ್ನಿಸಿಕೊಂಡರು.

ಮೊದಲ ಇಳಿತ 40 ಅಡಿ. ಮೂಡಲಗಾಳಿಯವರು ಹೇಳಿದ ಹಾಗೆ ಮೇಲಿನಿಂದ ಇನ್ನೊಂದು ಹಗ್ಗ ಕೇಳಿದೆ, ಮರುಮಾತಿಲ್ಲದೆ ಕಟ್ಟಿದರು. ಅಂಚಲ್ಲಿ ನಿಂತಾಗ ಜೀವ ಬಾಯಿಗೆ ಬಂದಿತ್ತು. ವಾಲು ಅಂದರು, ಆಗಲಿಲ್ಲ. ಮೂರು ಸಲ ಮುಂದಕ್ಕೇ ಬಾಗಿದೆ. ಆಗ ಅವರು ನನ್ನ ಹಾರ್ನೆಸ್‌ನ ಪಟ್ಟಿ ಮುಟ್ಟಿ, ಕ್ಯಾರಬಿನರ್ ಮುಟ್ಟಿ, ಹಗ್ಗ ಮುಟ್ಟಿ, ಬಂಡೆಯ ಬೋಲ್ಟ್ ಮುಟ್ಟಿ, ಒಂದೊಂದನ್ನೂ ನನ್ನಿಂದಲೇ ಎಳೆಸಿ ನೋಡಿಸಿದರು. "ಈಗ ನನ್ನನ್ನು ನಂಬಬೇಡಿ, ಇವನ್ನು ನಂಬಿ" ಅಂದರು. ಕೂತೆ. ನಿಜವಾಗಿ ಕುರ್ಚಿಯಲ್ಲಿ ಕೂತ ಹಾಗೇ ಹಿಡಿಯಿತು. ಕೆಳಗೆ ಹಗ್ಗದ ತುದಿ ಹಿಡಿದು ನಿಂತಿದ್ದು ನನ್ನ ಮಗಳು. ಅವಳ ಕಣ್ಣು ನನ್ನ ಮೇಲಿಂದ ಒಂದು ಕ್ಷಣವೂ ಕದಲಲಿಲ್ಲ. ಆ ಹುಡುಗಿ ಅಷ್ಟು ಗಮನ ಕೊಟ್ಟು ಏನನ್ನೂ ನೋಡಿದ್ದು ನಾನು ಕಂಡಿರಲಿಲ್ಲ.

ಒಳಗೆ ಬೆಳಕು ಇಳಿಯುವುದನ್ನು ಹೇಗೆ ಹೇಳಲಿ? ಸೂರ್ಯ ಎಲ್ಲೂ ಕಾಣಲ್ಲ. ಮೇಲಿನ ಗೋಡೆಗೆ ಬಿದ್ದ ಬಿಸಿಲು ಎದುರು ಗೋಡೆಗೆ ಚಿಮ್ಮಿ, ಅಲ್ಲಿಂದ ಮತ್ತೆ ಈ ಕಡೆಗೆ. ಕೆಳಗೆ ಬರುವಷ್ಟರಲ್ಲಿ ಕೆಂಡದ ಬಣ್ಣ. ನಮ್ಮ ಕೈಗಳೂ ಕೆಂಪು. ಒಂದು ಗುಂಡಿಯ ನೀರಲ್ಲಿ ಉಗುರಿನಷ್ಟು ಗಾತ್ರದ ಜೀವಿಗಳು ಸುತ್ತುತ್ತಿದ್ದವು. ಮೇಲೆ ಚಿಪ್ಪು, ಹಿಂದೆ ಬಾಲ. ಟ್ಯಾಡ್‌ಪೋಲ್ ಶ್ರಿಂಪ್ ಅಂತೆ. ನೀರು ಒಣಗಿದರೂ ಮೊಟ್ಟೆಗಳು ಮರಳಲ್ಲಿ ವರ್ಷಗಟ್ಟಲೆ ಕಾದು ಮುಂದಿನ ಮಳೆಗೆ ಒಡೆಯುತ್ತವಂತೆ. ಗೈಡ್ ಅಲ್ಲಿ ಕಾಲಿಡಬೇಡಿ ಅಂತ ಸುತ್ತಿಸಿ ಕರೆದುಕೊಂಡು ಹೋದರು. ದಿಮ್ಮಿಯನ್ನೂ ನೋಡಿದೆ, ಭೂಗರ್ಭ ಸರ್. ಮೂಳೆಯ ಹಾಗೇ.

ಯಜಮಾನರು ಒಂದೇ ಕಡೆ ಒದ್ದಾಡಿದರು. ಅಂಕುಡೊಂಕು ಅವರ ಉಸಿರಿನ ಉಪಾಯ ಕೆಲಸಕ್ಕೆ ಬಂತು. ಅಂಗಿಯ ಎರಡು ಗುಂಡಿ ಮಾತ್ರ ಅಲ್ಲೇ ಉದುರಿದವು, ಮಗಳು ಹೆಕ್ಕಿಕೊಂಡು ಬಂದಳು.

11 ಗಂಟೆಗೆ ಹೊರಗೆ ಬಂದೆವು. ಗೈಡ್ ಒಂದು ಬಂಡೆ ಹತ್ತಿ ಉತ್ತರಕ್ಕೆ ನೋಡುತ್ತಾ ಐದು ನಿಮಿಷ ನಿಂತರು. ದೂರದಲ್ಲಿ ಒಂದು ಮೋಡ, ನನ್ನ ಕಣ್ಣಿಗೆ ಹತ್ತಿಯ ಉಂಡೆಯಷ್ಟು. "ಎರಡನೆಯದು ಇವತ್ತು ಬೇಡ" ಅಂದರು. ಮಗಳ ಕಣ್ಣಲ್ಲಿ ನೀರು. ಅವಳನ್ನು ಸಮಾಧಾನ ಮಾಡಲು ಅಲ್ಲೇ ಒಂದು ತೆರೆದ ಬಂಡೆಯ ಮೇಲೆ ಆಂಕರ್ ಕಟ್ಟುವುದು, ಹಗ್ಗ ಚೀಲಕ್ಕೆ ತುಂಬುವುದು ಎಲ್ಲಾ ಕಲಿಸಿದರು.

ಆ ದಿನ ಮಳೆ ಬರಲೇ ಇಲ್ಲ. ಸಂಜೆವರೆಗೂ ಒಂದು ಹನಿ ಇಲ್ಲ.

ರಾಟೆ
ಹಾಗಾದರೆ ಅರ್ಧ ದಿನದ ದುಡ್ಡು ದಂಡ ಆಯಿತಲ್ಲ. ವಾಪಸ್ ಕೇಳಿದಿರಾ? ಎರಡು ಕೊರಕಲು ಅಂತ ಹೇಳಿ ಒಂದು ತೋರಿಸಿದರೆ ಕೇಳುವುದು ನ್ಯಾಯ.

ಮೂಡಲಗಾಳಿ
ನನಗೂ ಹಾಗೇ ಅನ್ನಿಸುತ್ತದೆ. ಗೈಡ್ ತಪ್ಪು ಅಂತಲ್ಲ, ಕಂಪನಿ ಸ್ವಲ್ಪವಾದರೂ ಕೊಡಬೇಕು.

ಕಲ್ಲುಹಾದಿ
ಕೇಳಬಾರದು ಅಂತ ನನ್ನ ಅಭಿಪ್ರಾಯ, ಕಾರಣವೂ ಇದೆ. ಬೇಡ ಅಂದಾಗಲೆಲ್ಲ ದುಡ್ಡು ಕಳೆದುಕೊಳ್ಳುವ ಕಂಪನಿ ಒಂದು ದಿನ ತನ್ನ ಗೈಡ್‌ಗೆ "ಹೋಗಿ ಬಾ, ಏನಾಗಲ್ಲ" ಅನ್ನುತ್ತದೆ. 11 ಗಂಟೆಗೆ ಆ ಹೆಂಗಸಿಗೆ ಗೊತ್ತಿದ್ದದ್ದು ಇಷ್ಟೇ: ಉತ್ತರದಲ್ಲಿ ಮೋಡ, ಕೊರಕಲಲ್ಲಿ ಪಾರಾಗುವ ಜಾಗ ಒಂದೇ, ಹಗ್ಗ ಎಳೆದ ಮೇಲೆ ವಾಪಸ್ ದಾರಿ ಇಲ್ಲ, ಜೊತೆಗೆ ಮೊದಲ ಸಲದ ಮೂವರು. ಅಷ್ಟು ಗೊತ್ತಿದ್ದು ಬೇಡ ಅಂದದ್ದು ಸರಿ. ಸಂಜೆ ಮಳೆ ಬಂದಿದ್ದರೂ ಸರಿ, ಬರದಿದ್ದರೂ ಸರಿ.

ರಾಟೆ
ಗೈಡ್ ನಿರ್ಧಾರ ಸರಿ ಅಂತ ನಾನೂ ಹೇಳುತ್ತೇನೆ. ಆದರೆ ದುಡ್ಡಿನ ವಿಚಾರದಲ್ಲಿ ನಿಮ್ಮ ಮಾತು ಒಪ್ಪಲ್ಲ. ಮೊದಲೇ ಬರೆದಿರಬೇಕು, ಒಂದೇ ಆದರೆ ಇಷ್ಟು ಅಂತ.

ನೀಲಿಕೊಡೆ
ನಾವು ಕೇಳಲಿಲ್ಲ. ಸಂಜೆ ಯಜಮಾನರು ಆ ಮಾತೆತ್ತಿದರು. ನಾನು ಹೇಳಿದೆ, ರಾತ್ರಿಯೆಲ್ಲ ನಿದ್ದೆಗೆಟ್ಟು ನಾನು ಹುಡುಕುತ್ತಿದ್ದದ್ದು ಬೇಡ ಅನ್ನುವ ಧೈರ್ಯ ಇರುವ ಮನುಷ್ಯರನ್ನೇ. ಸಿಕ್ಕರು. ಆಮೇಲೆ ಅವರೂ ಸುಮ್ಮನಾದರು. ಟಿಪ್ಸ್ ಅವರೇ ಕೊಟ್ಟದ್ದು, 20ಕ್ಕಿಂತ ಜಾಸ್ತಿ.

ಈಗ ಮಗಳು ಎರಡನೆಯ ಕೊರಕಲಿಗೆ ಮತ್ತೆ ಹೋಗಲೇಬೇಕು ಅನ್ನುತ್ತಿದ್ದಾಳೆ. ಅಕ್ಟೋಬರ್ ಹೇಗೆ?

ಕಲ್ಲುಹಾದಿ
ಅಕ್ಟೋಬರ್ ಚೆನ್ನಾಗಿದೆ. ಮಾನ್ಸೂನ್ ಮುಗಿದಿರುತ್ತದೆ, ಆದರೂ ಆ ದಿನದ ಹವಾಮಾನ ನೋಡುವುದು ಬಿಡಬೇಡಿ. ಹಗಲು ಚಿಕ್ಕದು, ಹಾಗಾಗಿ ಮೂವರಿಗೂ ತಲೆಗೆ ಕಟ್ಟುವ ಟಾರ್ಚ್ ಇರಲಿ.

ಸಂಜೆಮಲ್ಲಿಗೆ
ನೀರು ಇನ್ನೂ ತಣ್ಣಗಿರುತ್ತದೆ. ದಪ್ಪನೆಯ ವೆಟ್‌ಸೂಟ್ ಬೇಕು ಅಂತ ಈಗಲೇ ಹೇಳಿಡಿ, ಅದೇ ರಬ್ಬರಿನ ನಿಯೋಪ್ರೀನ್ ಸಾಕ್ಸ್ ಕೂಡ. ಮಗಳಿಗೆ ಫ್ಲಾಸ್ಕ್ ಹೊರಲು ಹೇಳಿ.